ಕಾಣೆಯಾಗಿದೆ: ಪ್ಯಾಶನ್

ಬೆಂಗಳೂರಿನಲ್ಲಿ ಈಗ ಕೆಲಸವಿಲ್ಲದವರಿಗಿಂತ, ಕೆಲಸವಿದ್ದೂ ಪ್ಯಾಶನ್ ಇಲ್ಲದವರ ಗೋಳೇ ಜೋರಾಗಿ ಕೇಳಿಸುತ್ತದೆ. ಸಂಬಳ ಬರುತ್ತದೆ, ಮನೆಸಾಲದ ಕಂತು ಹೋಗುತ್ತದೆ, ಪಿಎಫ್ ತನ್ನ ಪಾಡಿಗೆ ಬೆಳೆಯುತ್ತದೆ. ಆದರೆ ಬೆಳಿಗ್ಗೆ ಏಳುವಾಗ ಮೈ ಜುಮ್ಮೆನ್ನುವುದಿಲ್ಲವಂತೆ. ಇಂಥವರಿಗಾಗಿಯೇ ಊರಾಚೆಯ ರೆಸಾರ್ಟುಗಳಲ್ಲಿ ವಾರಾಂತ್ಯದ ಶಿಬಿರಗಳು ಏರ್ಪಾಡಾಗಿವೆ. ಎರಡು ದಿನ, ಬಫೆ ಊಟ ಸಹಿತ. ಶನಿವಾರ ಬರಿಗೈಯಲ್ಲಿ ಹೋದವರು ಭಾನುವಾರ ಸಂಜೆ ಪ್ಯಾಶನ್ ಸಮೇತ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಶಿಬಿರದ ಮೊದಲ ಆಹುತಿ ಸ್ಟೀವ್ ಜಾಬ್ಸ್. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು, ಇಷ್ಟವಾದ ಕೆಲಸ ಸಿಗುವವರೆಗೂ ಹುಡುಕುತ್ತಲೇ ಇರಿ ಎಂದಿದ್ದರು. ಕಾಲೇಜು ಬಿಟ್ಟ ದಿನಗಳಲ್ಲಿ ಗೆಳೆಯರ ಕೋಣೆಯ ನೆಲದ ಮೇಲೆ ಮಲಗುತ್ತಿದ್ದದ್ದನ್ನೂ, ವಾರಕ್ಕೊಂದು ಒಳ್ಳೆಯ ಊಟಕ್ಕಾಗಿ ಹರೇ ಕೃಷ್ಣ ದೇವಸ್ಥಾನಕ್ಕೆ ಏಳು ಮೈಲಿ ನಡೆಯುತ್ತಿದ್ದದ್ದನ್ನೂ ಅದೇ ಭಾಷಣದಲ್ಲಿ ಹೇಳಿದ್ದರು. ಆ ಭಾಗ ಬಂದಾಗ ತರಬೇತುದಾರರು ವಿಡಿಯೊ ಮುಂದಕ್ಕೆ ಓಡಿಸುತ್ತಾರೆ. ಬಫೆ ತಣ್ಣಗಾಗುತ್ತದಲ್ಲ.

ಆಮೇಲೆ ಇಕಿಗಾಯ್, ಅಂದರೆ ಜಪಾನಿ ಭಾಷೆಯಲ್ಲಿ ಬದುಕುವುದಕ್ಕೊಂದು ಕಾರಣ. ನಾಲ್ಕು ವೃತ್ತಗಳು: ನಿಮಗೆ ಇಷ್ಟವಾದದ್ದು, ನಿಮಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ನಾಲ್ಕು ಕಾಸು ತರುವುದು. ನಾಲ್ಕೂ ಕೂಡುವ ಜಾಗದಲ್ಲಿ ನಿಮ್ಮ ಜನ್ಮ ಸಾರ್ಥಕ. ಜಪಾನಿನ ಅಜ್ಜಂದಿರ ಗುಟ್ಟು ಎಂದು ತೋರಿಸುವ ಈ ಚಿತ್ರ ಜಪಾನಿನದ್ದೇ ಅಲ್ಲ. ಇದರ ಮೂಲಚಿತ್ರ ಬರೆದವರು ಸ್ಪೇನಿನ ಒಬ್ಬ ಜ್ಯೋತಿಷಿ, ಆಂಡ್ರೆಸ್ ಜುಜುನಾಗ. 2014ರಲ್ಲಿ ಮಾರ್ಕ್ ವಿನ್ ಎಂಬ ಇಂಗ್ಲಿಷ್ ಬರಹಗಾರರು ಅದರ ನಡುವೆ ಜಪಾನಿ ಹೆಸರು ಅಂಟಿಸಿದರು. ಜ್ಯೋತಿಷಿಯದ್ದೇ ಚಿತ್ರ ಎಂದ ಮೇಲೆ ನಮ್ಮ ಜೋಯಿಸರು ಮಾಡಿದ ತಪ್ಪೇನು? ಅವರ ಕುಂಡಲಿಯಲ್ಲಿ ಹನ್ನೆರಡು ಮನೆಗಳಿವೆ, ಹತ್ತನೆಯದು ವೃತ್ತಿಗೆಂದೇ ಮೀಸಲು, ದಕ್ಷಿಣೆಯ ಮೇಲೆ ಜಿಎಸ್‌ಟಿ ಕೇಳುವುದೂ ಇಲ್ಲ.

ಅಷ್ಟಕ್ಕೂ ನಮ್ಮವರ ಪ್ಯಾಶನ್ ಎಲ್ಲಿ ಕಳೆಯಿತು ಎಂದು ಪತ್ತೆ ಮಾಡಲು ಸಿಐಡಿ ಬೇಕಿಲ್ಲ. ಪಿಯುಸಿ ಮುಗಿಸಿದ ಹುಡುಗನಿಗೆ ಮದ್ದಳೆ ಇಷ್ಟವೋ ಮರಗೆಲಸ ಇಷ್ಟವೋ ಎಂದು ಯಾರೂ ಕೇಳಿದವರಿಲ್ಲ. ಸಿಇಟಿ ರ‍್ಯಾಂಕ್ ಬಂತು, ಆಪ್ಷನ್ ಎಂಟ್ರಿಯಲ್ಲಿ ಅಪ್ಪ ಮೇಲಿನಿಂದ ಕೆಳಗೆ ಕಂಪ್ಯೂಟರ್ ಸೈನ್ಸ್ ತುಂಬಿಸಿದರು, ತಳದಲ್ಲಿ ಶಾಸ್ತ್ರಕ್ಕೊಂದು ಸಿವಿಲ್. ಸಿವಿಲ್ ಓದಿದವನೂ ನಾಲ್ಕು ವರ್ಷದ ಬಳಿಕ ಕೋಡಿಂಗಿಗೇ ಸೇರಿದ. ಮೂವತ್ತು ದಾಟಿದ ಮೇಲೆ ಅದೇ ಅಪ್ಪ ‘ನಿನಗೆ ಏನು ಇಷ್ಟವೆಂದು ನಿನಗೇ ಗೊತ್ತಿಲ್ಲವಲ್ಲೋ’ ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಕಂಪನಿಗಳಿಗಂತೂ ಪ್ಯಾಶನ್ ಇಲ್ಲದವರ ಗಾಳಿಯೂ ಸೋಕಬಾರದು. ಇನ್‌ವಾಯ್ಸ್ ಪರಿಶೀಲಿಸುವ ಕೆಲಸದ ಜಾಹೀರಾತಿನಲ್ಲೂ ‘ಉತ್ಕಟ ಪ್ಯಾಶನ್ ಉಳ್ಳವರು ಮಾತ್ರ’ ಎಂಬ ಸಾಲು ಇರಲೇಬೇಕು. ಅಭ್ಯರ್ಥಿಯೂ ಸಂದರ್ಶನದಲ್ಲಿ, ಇನ್‌ವಾಯ್ಸ್ ಎಂದರೆ ತನಗೆ ಬಾಲ್ಯದಿಂದಲೂ ಪ್ರಾಣ, ಇತರ ಮಕ್ಕಳು ಲಗೋರಿ ಆಡುವಾಗ ತಾನು ಕಿರಾಣಿ ಅಂಗಡಿಯ ಚೀಟಿಗಳನ್ನು ತಾಳೆ ನೋಡುತ್ತಿದ್ದೆ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ. ಎಲ್ಲರೂ ಗದ್ಗದಿತರಾದ ಹೊತ್ತಿನಲ್ಲಿ ಪುಣ್ಯಾತ್ಮ ಬಾಯಿತಪ್ಪಿ ಸಂಬಳ ಎಷ್ಟು ಎಂದು ಕೇಳಿಬಿಡುತ್ತಾನೆ. ಮುಗಿಯಿತು. ದುಡ್ಡಿನ ಮಾತೆತ್ತುವವನಲ್ಲಿ ಎಂಥ ಪ್ಯಾಶನ್!

ಈ ಪದಾರ್ಥದ ಅಳತೆಗೋಲು ಗಡಿಯಾರ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ ಮಾತು ಹೊರಬಿತ್ತು: 90 ಗಂಟೆ, ಭಾನುವಾರವೂ ಬನ್ನಿ, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ? ಹರಾಜಿನ ಈ ವೇಗ ನೋಡಿದರೆ ವಾರದ 168 ಗಂಟೆಗಳು ಬೇಗ ಖರ್ಚಾಗಿ, ವಾರಕ್ಕೆ ಎಂಟನೆಯ ದಿನವೊಂದನ್ನು ಹುಟ್ಟಿಸಬೇಕಾದೀತು.

ಅದೇ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ ಕೇಳಿಕೊಂಡು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕುಳಿತಿದ್ದರು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಮನೆಮನೆಗೆ ಹೋಗಿ ಮಕ್ಕಳ ಲಸಿಕೆಯ ಲೆಕ್ಕ ಇಡುವವರು ಇವರೇ. ಸರ್ಕಾರದ ಕಡತದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಸರ್ಕಾರದ ಕಣ್ಣಿಗೆ ಇವರಲ್ಲಿ ಪ್ಯಾಶನ್ ಕೊರತೆ ಕಂಡೇ ಇಲ್ಲ. ಕಂಡಿದ್ದರೆ ಸಂಬಳ ಕೊಡಬೇಕಾಗುತ್ತಿತ್ತು. ಇವರನ್ನು ರೆಸಾರ್ಟಿಗೆ ಕರೆದೊಯ್ದು ನಾಲ್ಕು ವೃತ್ತ ಬರೆಸಿದರೆ ಮೂರು ಭರ್ತಿಯಾಗಿ ನಾಲ್ಕನೆಯದು ಖಾಲಿ ಉಳಿಯುತ್ತದೆ. ತರಬೇತುದಾರರ ಸಂಗತಿ ತಿರುವುಮುರುವು: ನಾಲ್ಕನೆಯದು ತುಂಬಿ ತುಳುಕುತ್ತಿದೆ, ಉಳಿದ ಮೂರರ ವಿಷಯ ಕೇಳಬಾರದು.

ಆ ಶಿಬಿರಕ್ಕೆ ಕಲ್ಯಾಣದಿಂದ ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಬಂದಿದ್ದರೆ ಗತಿಯೇನು? ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಆತನ ಕಾಯಕ. ‘ಇದು ನಿಜವಾಗಿ ನಿಮ್ಮ ಪ್ಯಾಶನ್ನೇ ಸಾರ್? ಅಥವಾ ಮನೆಯವರ ಒತ್ತಡಕ್ಕೆ ಆಯುತ್ತಿದ್ದೀರಾ?’ ಎಂದು ಕೇಳಿ, ಮಧ್ಯಾಹ್ನದೊಳಗೆ ‘ಮಾರಯ್ಯ ಆರ್ಗ್ಯಾನಿಕ್ ರೈಸ್’ ಎಂದು ನವೋದ್ಯಮ ನೋಂದಾಯಿಸಿ, ಇಳಿಹೊತ್ತಿಗೆ ಹೂಡಿಕೆದಾರರ ಮುಂದೆ ನಿಲ್ಲಿಸುತ್ತಿದ್ದರು. ಆದರೆ ಆತನ ಹೆಂಡತಿ ಲಕ್ಕಮ್ಮ ಸಾಮಾನ್ಯಳಲ್ಲ. ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ ಗಂಡನಿಗೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದವಳು. ಆಕೆ ರೆಸಾರ್ಟಿನ ಕೌಂಟರಿಗೇ ಬಂದು, ಬಫೆಗೂ ಕೋಣೆಗೂ ಆದ ಖರ್ಚು ಹಿಡಿದುಕೊಂಡು ಮಿಕ್ಕ ಶುಲ್ಕವನ್ನು ಹಿಂದಿರುಗಿಸಿ ಎನ್ನುತ್ತಿದ್ದಳು. ಕೌಂಟರಿನ ಹುಡುಗಿ ನಗುನಗುತ್ತಾ ರಶೀದಿಯ ಹಿಂಬದಿ ತೋರಿಸುತ್ತಿದ್ದಳು: ಒಮ್ಮೆ ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಮರಳಿಸಲಾಗದು, ಪ್ಯಾಶನ್ ಸಿಗದಿದ್ದವರು ಎರಡನೆಯ ಹಂತದ ಶಿಬಿರಕ್ಕೆ ಹೆಸರು ನೋಂದಾಯಿಸಬಹುದು.