ರೋಮ್‌ನಲ್ಲಿ ಒಂದು ದಿನ ನೀರಿನ ಜಾಡು ಹಿಡಿದು ನಡೆಯಿರಿ

ಯೂರೋಪ್ ಪ್ಯಾಕೇಜ್ ಟೂರುಗಳ ಜಾಹೀರಾತು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ರೋಮ್‌ಗೆ ಸಿಗುವುದು ಹೆಚ್ಚೆಂದರೆ ಒಂದು ದಿನ. ಬಸ್ಸಿನಿಂದ ಇಳಿ, ಕೊಲೋಸಿಯಂ ಮುಂದೆ ಫೋಟೋ, ಮತ್ತೆ ಬಸ್ಸು. ವ್ಯಾಟಿಕನ್‌ನಲ್ಲಿ ಗೈಡ್ ಹಿಡಿದ ಕೊಡೆಯ ಹಿಂದೆ ಓಟ. ಜೀವಮಾನದಲ್ಲಿ ಒಮ್ಮೆ ಹೋಗುವ ಜಾಗ, ಉಳಿಸಿ ಉಳಿಸಿ ಕೂಡಿಟ್ಟ ದುಡ್ಡು. ಆದರೂ ಪಕ್ಕದಲ್ಲಿರುವ ಗಂಡನ ಜೊತೆ ಎರಡು ಮಾತಾಡಲು ಪುರಸೊತ್ತಿಲ್ಲ.

ಕೊಲೋಸಿಯಂ, ವ್ಯಾಟಿಕನ್ ಬೇಡ ಅನ್ನುತ್ತಿಲ್ಲ. ಅವು ಇನ್ನೊಂದು ದಿನಕ್ಕಿರಲಿ. ಒಂದು ಇಡೀ ದಿನ ಹಳೇ ಊರಿನಲ್ಲಿ ಸುಮ್ನೆ ನಡೆಯಿರಿ, ಗಂಡ ಹೆಂಡತಿ ಇಬ್ಬರೇ. ನಾವು ನಡೆದ ದಾರಿ ಹೇಳುತ್ತೇನೆ. ಎಲ್ಲ ಸೇರಿ ಹೆಚ್ಚೆಂದರೆ ಮೂರು ಕಿಲೋಮೀಟರ್. ಬೆಳಿಗ್ಗೆ ಶುರು ಮಾಡಿದರೆ ಸಂಜೆಯವರೆಗೂ ಸಾಲುತ್ತದೆ.

ಮೊದಲು ನಮ್ಮ ಮನೆಯವರ ಬಗ್ಗೆ ಒಂದು ಮಾತು. ಅವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ತುಂಗಭದ್ರಾ ಕಾಲುವೆಗಳ ಮೇಲೆ ವರ್ಷಗಟ್ಟಲೆ ಓಡಾಡಿದವರು. ಮಾತು ಕಮ್ಮಿ. ದೇವಸ್ಥಾನಕ್ಕೆ ಹೋದರೂ ಮೊದಲು ನೋಡುವುದು ಕಲ್ಯಾಣಿಗೆ ನೀರು ಎಲ್ಲಿಂದ ಬರುತ್ತದೆ ಅಂತ. ಹಾಗಾಗಿ ರೋಮ್‌ನಲ್ಲೂ ನಾವು ಹಿಡಿದದ್ದು ನೀರಿನ ಜಾಡನ್ನೇ.

ಸ್ಪಾನಿಷ್ ಸ್ಟೆಪ್ಸ್ ಹತ್ತಿರ ಶುರು ಮಾಡಿ. ಸ್ಪಾನ್ಯಾ ಅನ್ನುವ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ. ಎಲ್ಲರ ಕಣ್ಣು 135 ಮೆಟ್ಟಿಲುಗಳ ಮೇಲಿರುತ್ತದೆ. ಮೆಟ್ಟಿಲ ಬುಡದಲ್ಲಿ ಅರ್ಧ ಮುಳುಗಿದ ದೋಣಿಯ ಹಾಗೆ ಒಂದು ಕಾರಂಜಿ ಇದೆ, ಅದನ್ನು ನೋಡಿ. ಪಿಯೆತ್ರೊ ಬರ್ನಿನಿ ಅನ್ನುವ ಶಿಲ್ಪಿ 1629ರ ಹೊತ್ತಿಗೆ ಮುಗಿಸಿದ್ದು. ಇಲ್ಲಿ ನೀರಿನ ಒತ್ತಡ ತೀರಾ ಕಮ್ಮಿ, ಎತ್ತರಕ್ಕೆ ಚಿಮ್ಮುವುದಿಲ್ಲ. ಅದಕ್ಕೇ ಕಾರಂಜಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿ, ಸೋರುವ ದೋಣಿ ಮಾಡಿಬಿಟ್ಟರು. ಇವರು ಅದರ ಸುತ್ತ ಒಂದು ಸುತ್ತು ಹಾಕಿ ಬಂದು, "ಇಲ್ಲಿ ನೋಡೇ, ಇರೋ ಒತ್ತಡಕ್ಕೆ ತಕ್ಕ ಹಾಗೆ ಶಿಲ್ಪ ಮಾಡಿದ್ದಾನೆ. ಎಂಥ ಬುದ್ಧಿ!" ಅಂದರು. ಆಮೇಲೆ ಸಂಜೆಯವರೆಗೂ ಮಾತು ನಿಲ್ಲಲಿಲ್ಲ.

ಈ ನೀರು ಬರುವುದು ಆಕ್ವಾ ವಿರ್ಗೋ ಅನ್ನುವ ಕಾಲುವೆಯಿಂದ. ಕ್ರಿಸ್ತಪೂರ್ವ 19ರಲ್ಲಿ ಅಗಸ್ಟಸ್ ಚಕ್ರವರ್ತಿಯ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು. ಉದ್ದ ಸುಮಾರು 20 ಕಿಲೋಮೀಟರ್, ಬಹುಪಾಲು ನೆಲದೊಳಗೆ. ಅಷ್ಟು ದೂರಕ್ಕೆ ಒಟ್ಟು ಇಳಿಜಾರು ನಾಲ್ಕೇ ಮೀಟರ್ ಆಸುಪಾಸು. ಅಂದರೆ ಕಿಲೋಮೀಟರಿಗೆ ಒಂದು ಗೇಣು. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರು ಎಲ್ಲೋ ಒಂದು ಕಡೆ ತಪ್ಪಿದ್ದರೂ ನೀರು ಅಲ್ಲೇ ನಿಲ್ಲುತ್ತಿತ್ತು. ಕಾಲುವೆ ಕೆಲಸ ಮಾಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಇವರ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು.

ಅಲ್ಲಿಂದ ಟ್ರೆವಿ ಕಾರಂಜಿಯ ಕಡೆ ನಡೆಯುವಾಗ ಎರಡು ಕಡೆ ನಿಲ್ಲಿ. ಒಂದು, ವಿಯಾ ದೆಲ್ ನಜರೇನೊ ಅನ್ನುವ ಸಣ್ಣ ರಸ್ತೆ. ಅಲ್ಲಿ ರಸ್ತೆಯ ಮಟ್ಟಕ್ಕಿಂತ ಕೆಳಗೆ ಆ ಕಾಲುವೆಯ ಕಲ್ಲಿನ ಕಮಾನುಗಳು ಕಾಣುತ್ತವೆ. ಚಕ್ರವರ್ತಿ ಕ್ಲಾಡಿಯಸ್ ದುರಸ್ತಿ ಮಾಡಿಸಿದ ಶಾಸನವೂ ಇದೆ. ನಾವಿದ್ದಷ್ಟು ಹೊತ್ತು ಒಬ್ಬರೂ ಅಲ್ಲಿ ನಿಲ್ಲಲಿಲ್ಲ, ಎಲ್ಲ ಟ್ರೆವಿಗೆ ಹೋಗುವ ಅವಸರದಲ್ಲಿದ್ದರು. ಇನ್ನೊಂದು, ವಿಯಾ ದೆಲ್ ತ್ರಿತೋನೆಯ ರಿನಾಶೆಂತೆ ಅನ್ನುವ ದೊಡ್ಡ ಅಂಗಡಿ. ಅದರ ನೆಲಮಾಳಿಗೆಯಲ್ಲಿ ಈ ಕಾಲುವೆಯ ಸುಮಾರು 60 ಮೀಟರ್ ಭಾಗವನ್ನು ಹಾಗೇ ಉಳಿಸಿ ತೋರಿಸುತ್ತಾರೆ. ಏನೂ ಕೊಳ್ಳಬೇಕಿಲ್ಲ, ಟಿಕೆಟ್ಟೂ ಇಲ್ಲ. ಎಂಜಿನಿಯರ್ ಗಂಡ ಇರುವವರು ಇಲ್ಲಿ ಟೈಮ್ ಜಾಸ್ತಿ ಇಟ್ಟುಕೊಳ್ಳಿ.

ಟ್ರೆವಿಯಲ್ಲಿ ಜನಜಾತ್ರೆ. 1762ರಲ್ಲಿ ಮುಗಿದ ಈ ಕಾರಂಜಿಗೂ ಆಕ್ವಾ ವಿರ್ಗೋ ನೀರೇ. ಎಲ್ಲರೂ ನಾಣ್ಯ ಎಸೆಯುತ್ತಾರೆ. ಆ ದುಡ್ಡು ಕಾರಿತಾಸ್ ಅನ್ನುವ ಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತದೆ, ಅದು ಖುಷಿಯ ವಿಷಯ. ಆದರೆ ನನಗೆ ಇಷ್ಟವಾದದ್ದು ಕಾರಂಜಿಯ ಪಕ್ಕದಲ್ಲಿರುವ ಪುಟ್ಟ ತೊಟ್ಟಿ. ಎರಡು ಸಣ್ಣ ಧಾರೆಗಳು ಒಂದನ್ನೊಂದು ದಾಟಿ ಬೀಳುತ್ತವೆ. ಪ್ರೇಮಿಗಳ ಕಾರಂಜಿ ಅಂತ ಅದಕ್ಕೆ ಹೆಸರು. ಜೋಡಿಯಾಗಿ ಕುಡಿದರೆ ಪ್ರೀತಿ ಕೊನೆವರೆಗೂ ಇರುತ್ತದಂತೆ. "ರೀ, ಬನ್ನಿ ಕುಡಿಯೋಣ" ಅಂದೆ. ಬೊಗಸೆಯಲ್ಲಿ ಹಿಡಿದು ಕುಡಿದರು. "ತಣ್ಣಗಿದೆ ಕಣೇ, ಒಳ್ಳೇ ನೀರು" ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಷ್ಟು ಸಾಕು ನನಗೆ.

ಕುಡಿಯುವ ನೀರಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ರೋಮ್‌ನಲ್ಲಿ ನೀರಿನ ಬಾಟಲಿ ಕೊಂಡು ದುಡ್ಡು ಕಳೆಯಬೇಡಿ. ರಸ್ತೆ ಬದಿಯಲ್ಲಿ ಎಲ್ಲೆಂದರಲ್ಲಿ ಎರಕದ ಕಬ್ಬಿಣದ ನಲ್ಲಿಕಂಬಗಳಿವೆ. ಸೊಂಟದೆತ್ತರ ಇರುತ್ತವೆ. 1874ರಿಂದ ಹಾಕುತ್ತಾ ಬಂದದ್ದು, ಊರಲ್ಲಿ ಸುಮಾರು 2,500 ಇವೆ. ಹಗಲೂ ರಾತ್ರಿ ಹರಿಯುತ್ತವೆ. ಬಗ್ಗಿದ ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಬಿಲ್ಲಿನಂತೆ ಬಾಯಿಗೆ ಚಿಮ್ಮುತ್ತದೆ. ಬಗ್ಗಲು ಆಗದ ನಮ್ಮಂಥವರಿಗೆ ದೊಡ್ಡ ಉಪಕಾರ. ಯಾರು ಬಂದರೂ, ಯಾವ ಊರಿನವರಾದರೂ ಪುಕ್ಕಟೆ ನೀರು. ನಡೆಯುವವರಿಗೆ ಒಂದು ಊರು ಕೊಡಬಹುದಾದ ಗೌರವ ಇದಕ್ಕಿಂತ ಬೇಕಾ?

ಕಾಫಿಯನ್ನು ಮಾತ್ರ ನಿಂತೇ ಕುಡಿಯಿರಿ, ನಮ್ಮ ದರ್ಶಿನಿಗಳ ಹಾಗೆ. ಕೂತರೆ ಬಿಲ್ಲು ಏರುತ್ತದೆ.

ಮುಂದೆ ಪಾಂಥಿಯನ್, ರೋಮನ್ನರ ಹಳೇ ದೇವಾಲಯ. ಒಳಗೆ ಹೋಗುವ ಮೊದಲು ಮುಂಭಾಗದ ದೊಡ್ಡ ಅಕ್ಷರಗಳನ್ನು ನೋಡಿ. ಅಲ್ಲಿರುವುದು ಅದೇ ಅಗ್ರಿಪ್ಪನ ಹೆಸರು. ಈಗಿರುವ ಕಟ್ಟಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು. ಹೊಸದಾಗಿ ಕಟ್ಟಿದರೂ ಹಳಬನ ಹೆಸರನ್ನೇ ಬಿಟ್ಟಿದ್ದಾರೆ. ಆಕ್ವಾ ವಿರ್ಗೋ ನೀರು ಮೊದಲು ಹರಿದದ್ದು ಇದರ ಹಿಂದೆಯೇ ಇದ್ದ ಅಗ್ರಿಪ್ಪನ ಸ್ನಾನಗೃಹಕ್ಕೆ. ಒಳಗೆ 43 ಮೀಟರ್ ಅಗಲದ ಗುಮ್ಮಟ, ನಡುವೆ ಆಕಾಶಕ್ಕೆ ತೆರೆದ ಕಂಡಿ. ಮಳೆ ಒಳಗೇ ಬೀಳುತ್ತದೆ. ಇವರು ಗುಮ್ಮಟ ನೋಡುವುದು ಬಿಟ್ಟು ನೆಲ ನೋಡುತ್ತಿದ್ದರು. ನೆಲ ಸ್ವಲ್ಪ ಉಬ್ಬಿದೆ, ಅಲ್ಲಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ನಾನೂ ಕೂತು ಬೆರಳಿಟ್ಟು ನೋಡಿದೆ. ಗುಂಪಿನ ಜೊತೆ ಹೋಗಿದ್ದರೆ ಅಷ್ಟು ಹೊತ್ತು ನೆಲ ನೋಡಲು ಬಿಡುತ್ತಿದ್ದರಾ?

ಕೊನೆಗೆ ಪಿಯಾತ್ಸಾ ನವೋನ ಅನ್ನುವ ದೊಡ್ಡ ಚೌಕ. ನನಗೆ ಇಡೀ ರೋಮ್ ಒಂದು ಕಡೆ, ಈ ಜಾಗ ಒಂದು ಕಡೆ. ನಡುವೆ ನಾಲ್ಕು ನದಿಗಳ ಕಾರಂಜಿ. ಜಾನ್ ಲೊರೆಂಜೊ ಬರ್ನಿನಿಯದು, 1651ರದ್ದು. ದೋಣಿ ಕಾರಂಜಿ ಮಾಡಿದವನ ಮಗ ಇವನು. ನೈಲ್, ಡ್ಯಾನ್ಯೂಬ್, ರಿಯೋ ದೆ ಲಾ ಪ್ಲಾಟ, ಮತ್ತೊಂದು ನಮ್ಮ ಗಂಗೆ! ಹೌದು, ಗಂಗೆ. ಆದರೆ ಗಡ್ಡ ಬಿಟ್ಟ ಗಂಡಸು, ಕೈಯಲ್ಲಿ ಉದ್ದನೆಯ ಹುಟ್ಟು. ರೋಮನ್ನರು ನದಿಗಳನ್ನು ಗಂಡಾಗಿ ಕಂಡವರು. ಗಂಗೆಯಲ್ಲಿ ದೋಣಿಗಳು ದೂರದವರೆಗೆ ಹೋಗುತ್ತವೆ ಅಂತ ಕೈಗೆ ಹುಟ್ಟು ಕೊಟ್ಟಿದ್ದಾನೆ. ನಮಗೆ ಗಂಗೆ ಅಂದರೆ ತಾಯಿ. ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ, ನೋಡೇ ಇರದ ನದಿಯನ್ನು ಜಗತ್ತಿನ ನಾಲ್ಕು ಮಹಾನದಿಗಳಲ್ಲಿ ಒಂದು ಅಂತ ತಂದು ಕೂರಿಸಿದ್ದಾನಲ್ಲ ಅಂತ ಮನಸ್ಸು ತುಂಬಿ ಬಂತು. ಕೈ ಮುಗಿದೆ. ಪಕ್ಕಕ್ಕೆ ತಿರುಗಿದರೆ ಇವರೂ ಕೈ ಮುಗಿದು ನಿಂತಿದ್ದರು.

ಅಪ್ಪ ಅಮ್ಮನಿಗೆ ಯೂರೋಪ್ ಟೂರ್ ಬುಕ್ ಮಾಡುವ ಮಕ್ಕಳಿಗೆ ಒಂದು ವಿನಂತಿ. ದೇಶಗಳನ್ನು ಎರಡು ಕಮ್ಮಿ ಮಾಡಿ, ಹೀಗೊಂದು ದಿನ ಅವರಿಗೆ ಕೊಡಿ. ರೂಮು ಸ್ವಲ್ಪ ತುಟ್ಟಿಯಾದರೂ ಹಳೇ ಊರಿನ ಒಳಗೇ ಇರಲಿ, ಸುಸ್ತಾದಾಗ ಮಧ್ಯಾಹ್ನ ಹೋಗಿ ಮಲಗಬಹುದು. ಅಲ್ಲಿನ ಕಲ್ಲುಹಾಸು ಏರುಪೇರು, ಮಂಡಿ ನೋವಿನವರಿಗೆ ದಪ್ಪ ಅಟ್ಟೆಯ ಶೂ ಕೊಡಿಸಿ. ಸ್ಪಾನಿಷ್ ಸ್ಟೆಪ್ಸ್ ಮೇಲೆ ಕೂರುವುದನ್ನು 2019ರಲ್ಲಿ ನಿಲ್ಲಿಸಿದ್ದಾರೆ, ಕೂತರೆ ದಂಡ ಬೀಳುತ್ತದೆ ಅಂತಲೂ ಹೇಳಿ ಕಳಿಸಿ. ನವೋನದಲ್ಲಿ ಕಲ್ಲು ಬೆಂಚುಗಳಿವೆ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.