ಸಾರುವೆ ಬಿಚ್ಚೋದನ್ನೂ ಯಾರಾದರೂ ಕಲಿಸಬೇಕಲ್ವಾ

ಹೋದ ವರ್ಷ ಮೇ ಕೊನೆ ವಾರ ಊರಿಗೆ ಬಂದಿದ್ದೆ. ಶಿವಮೊಗ್ಗದ ಗೋಪಾಳದಲ್ಲಿ ತಮ್ಮ ಮನೆ ಕಟ್ಟಿಸುತ್ತಿದ್ದ. ಹೊರಗೋಡೆಯ ಗಿಲಾವು ಮುಗಿದಿತ್ತು. ರೋಹಿಣಿ ಮಳೆ ಆಗಲೇ ಎರಡು ಸಲ ಜೋರಾಗಿ ಹೊಡೆದಿತ್ತು. ಮೃಗಶಿರ ಹಿಡಿಯೋದರೊಳಗೆ ಮೇಲೆ ನಿಂತು ಕೆಲಸ ಮಾಡಲು ಗೋಡೆಗುಂಟ ಕಟ್ಟಿದ್ದ ಬಿದಿರಿನ ಸಾರುವೆ ಬಿಚ್ಚಿ ಗಳಗಳನ್ನು ಇನ್ನೊಂದು ಸೈಟಿಗೆ ಸಾಗಿಸಬೇಕು ಅಂತ ಮೇಸ್ತ್ರಿಗೆ ಅವಸರ.

ಮೇಲೆ ಒಬ್ಬ ಹುಡುಗ ಇದ್ದ. ಇಪ್ಪತ್ತೆರಡು ವರ್ಷ ಇರಬಹುದು. ಬರಿಗಾಲು. ಅಡ್ಡಗಳವನ್ನು ಕಾಲಬೆರಳಲ್ಲೇ ಒತ್ತಿ ಹಿಡಿದು ನಿಂತಿದ್ದ. ನಾರಿನ ಹಗ್ಗ ಮಳೆಗೆ ನೆನೆದು ಉಬ್ಬಿ, ಗಂಟು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಉಗುರು ಹಾಕಿ ನೋಡಿದ, ಆಗಲಿಲ್ಲ. ಸೊಂಟದ ಕತ್ತಿ ತೆಗೆದು ಕೊಯ್ದ. ಆಮೇಲೆ ಅವನ ಕಣ್ಣು ಕಿಟಕಿಯ ಸರಳಿಗೆ ಬಿಗಿದಿದ್ದ ಹಗ್ಗದ ಮೇಲೆ ಬಿತ್ತು. ಅದು ನೈಲಾನಿನದು, ಹೊಸದು, ಇನ್ನೊಂದು ಕಡೆ ಬೇಕಾಗುತ್ತೆ. ಜೋಪಾನವಾಗಿ ಬಿಚ್ಚಿ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಇಡೀ ಸಾರುವೆ ಒಂದು ಗೇಣು ಹೊರಗೆ ವಾಲಿತು.

ಸಾರುವೆಯನ್ನು ಮನೆಗೆ ಹಿಡಿದಿಟ್ಟಿದ್ದೇ ಆ ಹಗ್ಗ. ಅದು ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಕೆಳಗಿದ್ದ ನಾವು ಮೂರು ಜನ ಓಡಿ ಹೋಗಿ ಕಂಬಗಳನ್ನು ಹಿಡಿದುಕೊಂಡೆವು. ಅವನು ಕಿಟಕಿ ಹಿಡಿದು ಒಳಗೆ ಇಳಿದ. ಯಾರಿಗೂ ಏನೂ ಆಗಲಿಲ್ಲ. ಮೇಸ್ತ್ರಿ ಬೈದರು, ಹುಡುಗ ತಲೆ ತಗ್ಗಿಸಿದ, ಹತ್ತು ನಿಮಿಷ ಬಿಟ್ಟು ಮತ್ತೆ ಹತ್ತಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಸಿಡ್ನಿಯಲ್ಲಿ ಕಟ್ಟಡದ ಸೈಟುಗಳಲ್ಲಿ ಮೇಲ್ವಿಚಾರಕ. ಶಿವಮೊಗ್ಗದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಎಲ್ಲೆಲ್ಲೋ ಸುತ್ತಿ ಅಲ್ಲಿ ನೆಲೆ ನಿಂತವನು. ಆಸ್ಟ್ರೇಲಿಯಾದಲ್ಲಿ ಒಂದು ನಿಯಮವಿದೆ. ಮನುಷ್ಯನಾಗಲಿ ವಸ್ತುವಾಗಲಿ 4 ಮೀಟರಿಗಿಂತ ಜಾಸ್ತಿ ಕೆಳಗೆ ಬೀಳಬಹುದಾದ ಸಾರುವೆಯಾದರೆ, ಲೈಸೆನ್ಸ್ ಇರುವವರೇ ಅದನ್ನು ಕಟ್ಟಬೇಕು, ಅವರೇ ಬಿಚ್ಚಬೇಕು. ಲೈಸೆನ್ಸಿನಲ್ಲಿ ಮೂರು ಹಂತ. ಮೊದಲನೆಯದರಲ್ಲಿ ಜೋಡಿಸುವ ರೆಡಿಮೇಡ್ ಸಾರುವೆ, ಎರಡನೆಯದರಲ್ಲಿ ಪೈಪು ಮತ್ತು ಕ್ಲಾಂಪಿನದು, ಮೂರನೆಯದರಲ್ಲಿ ಮೇಲಿಂದ ತೂಗುಬಿಡುವಂಥದ್ದು. 18 ವರ್ಷ ತುಂಬದೆ ಲೈಸೆನ್ಸ್ ಸಿಗುವುದಿಲ್ಲ. 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಟ್ಟಿ ಮುಗಿದ ಮೇಲೆ, ತಿಳಿದವರೊಬ್ಬರು ನೋಡಿ "ಇದು ಹತ್ತಲು ಯೋಗ್ಯ" ಎಂದು ಬರೆದುಕೊಡಬೇಕು. ಕನಿಷ್ಠ 30 ದಿನಕ್ಕೊಮ್ಮೆ ಮತ್ತೆ ತಪಾಸಣೆ ಆಗಬೇಕು. ಏಣಿಯ ಬುಡದಲ್ಲಿ ಒಂದು ಚೀಟಿ ನೇತಾಡುತ್ತಿರುತ್ತದೆ. ಚೀಟಿ ಸರಿಯಿಲ್ಲದಿದ್ದರೆ ಎಂಜಿನಿಯರೂ ಹತ್ತುವ ಹಾಗಿಲ್ಲ.

ಮೊದಲ ಹಂತದ ತರಬೇತಿಯನ್ನು ನಾನೂ ಮಾಡಿದ್ದೇನೆ. ಸುಮ್ನೆ ಕೂರಿಸಿ ಪಾಠ ಹೇಳುತ್ತಾರೆ ಅಂದುಕೊಂಡು ಹೋಗಿದ್ದೆ. ಎರಡನೇ ದಿನ ಬೆಳಗ್ಗೆ ಬಯಲಿನಲ್ಲಿ ಸಾರುವೆ ಕಟ್ಟಿಸಿದರು. ನಾವು ಚಹಾ ಕುಡಿದು ಬರುವುದರೊಳಗೆ ಕಲಿಸುವವರು ಅದರಲ್ಲಿ ಮೂರು ಕಡೆ ಏನೋ ತಪ್ಪಿಸಿಟ್ಟು, "ಹುಡುಕಿ" ಅಂದರು. ನಾನು ಎರಡು ಹುಡುಕಿದೆ. ಮೂರನೆಯದು ಗೋಡೆಗೆ ಕಟ್ಟುವ ಹಿಡಿತ. ಕಣ್ಣೆದುರೇ ಇತ್ತು, ಕಾಣಲೇ ಇಲ್ಲ. ಅವತ್ತಿನಿಂದ ಯಾವ ಸೈಟಿಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಅಲ್ಲಿಗೇ. ಗೋಪಾಳದಲ್ಲಿ ಆ ಹುಡುಗ ನೈಲಾನ್ ಹಗ್ಗಕ್ಕೆ ಕೈ ಹಾಕಿದಾಗ ನನ್ನ ಎದೆ ಧಸಕ್ಕೆಂದಿದ್ದು ಅದಕ್ಕೇ.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳಲಾರೆ. 2019ರ ಏಪ್ರಿಲ್ 1ರಂದು ಸಿಡ್ನಿಯ ಮ್ಯಾಕ್ವಾರಿ ಪಾರ್ಕಿನಲ್ಲಿ ಸಾರುವೆ ಕುಸಿದು, ಕೆಲಸ ಕಲಿಯುತ್ತಿದ್ದ 18 ವರ್ಷದ ಹುಡುಗ ಸತ್ತುಹೋದ. ಇನ್ನೊಬ್ಬನಿಗೆ ತೀವ್ರ ಗಾಯ. ಕಟ್ಟಡಕ್ಕೆ ಬಿಗಿದಿದ್ದ ಹಿಡಿತಗಳನ್ನು ತೆಗೆದಿದ್ದರು, ಮೇಲೆ ಭಾರವೂ ಜಾಸ್ತಿ ಹೇರಿದ್ದರು. ಕಾನೂನು, ಲೈಸೆನ್ಸು, ಚೀಟಿ ಎಲ್ಲ ಇರುವ ಊರಿನಲ್ಲೇ ಹೀಗಾಯಿತು. ಇನ್ನೊಂದು ಕೊರತೆಯನ್ನು ನಾನೇ ನೋಡಿದ್ದೇನೆ. ನನ್ನ ಜೊತೆ ಕಲಿಯುತ್ತಿದ್ದ ನೇಪಾಳದ ಒಬ್ಬ, ಕೆಲಸದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆ ಅರ್ಥವಾಗದೆ ಒದ್ದಾಡಿದ. ಕೈಗೆ ಗೊತ್ತಿದ್ದುದು ಬಾಯಿಗೆ ಬರಲಿಲ್ಲ.

ಆದ್ದರಿಂದ ಆ ಲೈಸೆನ್ಸನ್ನು ಹಾಗೇ ಎತ್ತಿ ತಂದು ಶಿವಮೊಗ್ಗದಲ್ಲಿ ಇಡಿ ಅಂತ ನಾನು ಕೇಳುತ್ತಿಲ್ಲ. ಕಾರ್ಡು ಬಂದರೆ ಕಾರ್ಡು ಮಾರುವವರೂ ಬರುತ್ತಾರೆ. ನಾನು ಕೇಳುವುದು ಕಲಿಸುವಿಕೆಯನ್ನು. ಸೈಟಿನಲ್ಲೇ, ನಮ್ಮ ಮಾತಿನಲ್ಲೇ, ಕೈಯಲ್ಲಿ ಹಗ್ಗ ಹಿಡಿಸಿ. ಅದರಲ್ಲೂ ಬಿಚ್ಚುವುದನ್ನು.

ನನ್ನ ಚಿಕ್ಕಪ್ಪ ತೀರ್ಥಹಳ್ಳಿ ಕಡೆ ಗಾರೆ ಮೇಸ್ತ್ರಿಯಾಗಿದ್ದವರು. ಇಪ್ಪತ್ತು ವರ್ಷದ ಹಿಂದೆ ಒಂದು ಕಟ್ಟಡದ ಸಾರುವೆ ಬಿಚ್ಚುವಾಗ ಬಿದ್ದು ಸೊಂಟ ಮುರಿದುಕೊಂಡರು. ಕಟ್ಟಡದವರು ಆಸ್ಪತ್ರೆಗೆ ಸೇರಿಸಿ, ಒಂದಷ್ಟು ದುಡ್ಡು ಕೊಟ್ಟು ಕೈ ತೊಳೆದುಕೊಂಡರು. ಆಮೇಲೆ ಚಿಕ್ಕಪ್ಪ ಏಣಿ ಹತ್ತಲಿಲ್ಲ. ಗೋಪಾಳದ ವಿಷಯ ಹೇಳಿದಾಗ ಅವರು ತುಂಬಾ ಹೊತ್ತು ಸುಮ್ಮನಿದ್ದು, "ಕಟ್ಟೋವಾಗ ಹೆದರಿಕೆ ಇರುತ್ತೆ ಮಾರಾಯ. ನಾಳೆ ಅದರ ಮೇಲೆ ನಾನೇ ನಿಲ್ಲಬೇಕಲ್ಲ ಅಂತ. ಬಿಚ್ಚೋವಾಗ ಮನಸ್ಸು ಆಗಲೇ ಮನೆಗೆ ಹೋಗಿರುತ್ತೆ" ಅಂದರು.

ತರಬೇತಿಯಲ್ಲಿ ನಾನು ಇಂಗ್ಲಿಷಿನಲ್ಲಿ ಕಲಿತದ್ದೂ ಹೆಚ್ಚುಕಡಿಮೆ ಇದೇ. ಬಿಚ್ಚುವಾಗ ಸಾರುವೆ ಗಳಿಗೆ ಗಳಿಗೆಗೂ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಬೆಳಗ್ಗೆ ಗಟ್ಟಿಯಾಗಿದ್ದದ್ದು ಮಧ್ಯಾಹ್ನ ಗಟ್ಟಿಯಿರುವುದಿಲ್ಲ. ಕಟ್ಟಿದ ದಿನದಿಂದ ಇಲ್ಲಿವರೆಗೆ ಬಣ್ಣದವರು, ಕಿಟಕಿಯವರು, ಪೈಪಿನವರು ತಮಗೆ ಅಡ್ಡ ಬಂತು ಅಂತ ಎಲ್ಲೆಲ್ಲಿ ಏನೇನು ಕಿತ್ತಿದ್ದಾರೋ. ಹಾಗಾಗಿ ಒಂದು ಗಂಟು ಬಿಚ್ಚುವ ಮುಂಚೆ ಬುಡದಿಂದ ತುದಿವರೆಗೆ ಒಮ್ಮೆ ನೋಡಬೇಕು. ಇಲ್ಲದ ಹಿಡಿತವನ್ನು ಮೊದಲು ಕಟ್ಟಿ, ಆಮೇಲೆ ಬಿಚ್ಚಲು ಶುರು ಮಾಡಬೇಕು. ಮೇಲಿಂದ ಕೆಳಕ್ಕೆ ಒಂದೊಂದೇ ಅಂತಸ್ತು ಬರಬೇಕು. ಗೋಡೆಯ ಹಿಡಿತವನ್ನು, ಕೆಲಸ ಆ ಮಟ್ಟಕ್ಕೆ ಇಳಿದು ಬರುವವರೆಗೂ ಮುಟ್ಟಬಾರದು. ಗಳ, ಹಲಗೆಗಳನ್ನು ಎಸೆಯಬಾರದು, ಹಗ್ಗ ಕಟ್ಟಿ ಇಳಿಸಬೇಕು. ಕೆಳಗೆ ಯಾರೂ ಸುಳಿಯದ ಹಾಗೆ ಒಬ್ಬ ನಿಂತಿರಬೇಕು. ಇಷ್ಟನ್ನು ಕಲಿಸಲು ಅರ್ಧ ದಿನ ಸಾಕು.

ನಮ್ಮ ಕಡೆಯದೇ ಒಂದೆರಡು ವಿಷಯ ಸೇರಿಸಬೇಕು. ಮಲೆನಾಡಿನ ನೆಲ ಮೊದಲ ಮಳೆಗೇ ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಗಟ್ಟಿ ನಿಂತ ಕಂಬ ಜೂನಿನಲ್ಲಿ ಎರಡು ಬೆರಳು ಕೆಳಗೆ ಇಳಿದಿರುತ್ತದೆ, ಪಕ್ಕದ್ದು ಇಳಿದಿರುವುದಿಲ್ಲ. ಬುಡಕ್ಕೆ ಅಗಲದ ಹಲಗೆ ಕೊಡಬೇಕು. ನಾರಿನ ಹಗ್ಗ ನೆನೆದಾಗ ಬಿಗಿಯುತ್ತದೆ, ಬಿಸಿಲು ಬಿದ್ದು ಒಣಗಿದರೆ ಸಡಿಲ. ಎರಡು ದಿನ ಮಳೆ, ಒಂದು ದಿನ ಬಿಸಿಲು ಆದ ಮೇಲೆ ಗಂಟುಗಳನ್ನು ಮುಟ್ಟಿ ನೋಡದೆ ಹತ್ತಬಾರದು. ಇನ್ನು ಕರೆಂಟು. ಹೊಸ ಬಡಾವಣೆಗಳಲ್ಲಿ ಬಾಲ್ಕನಿಯಿಂದ ಕೈ ಚಾಚಿದರೆ ತಂತಿ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಕಬ್ಬಿಣದ ಸಾರುವೆ ತಂತಿಯಿಂದ 4 ಮೀಟರ್ ಒಳಗೆ ಬರುತ್ತದೆ ಅಂದರೆ ಕೆಲಸಕ್ಕೆ ಮುಂಚೆ ವಿದ್ಯುತ್ತಿನವರನ್ನು ಕೇಳಲೇಬೇಕು. ಇಲ್ಲಿ ಉದ್ದದ ಪೈಪನ್ನು ನೆಟ್ಟಗೆ ಎತ್ತಿ ತಿರುಗಿಸುವ ಹುಡುಗನಿಗೆ ಹಿಂದೆ ತಂತಿ ಇದೆ ಅಂತಲೂ ಯಾರೂ ಹೇಳಿರುವುದಿಲ್ಲ. ಮೆಸ್ಕಾಂಗೆ ಹೇಳಿ ಎರಡು ಗಂಟೆ ಲೈನ್ ತೆಗೆಸುವುದು ಮನೆ ಕಟ್ಟಿಸುವವನ ಕೆಲಸ, ಕೂಲಿಯವನದಲ್ಲ.

ಬೆಲ್ಟಿನ ಬಗ್ಗೆಯೂ ಹೇಳಬೇಕು. ಈಗ ದೊಡ್ಡ ಸೈಟುಗಳಲ್ಲಿ ಸೇಫ್ಟಿ ಬೆಲ್ಟ್ ಕೊಡುತ್ತಾರೆ. ಕೊಟ್ಟು ಫೋಟೊ ತೆಗೆದರೆ ಮುಗಿಯಿತು. ಕೊಕ್ಕೆ ಎಲ್ಲಿಗೆ ಹಾಕಬೇಕು ಅಂತ ಕಲಿಸುವುದಿಲ್ಲ. ಬಿಚ್ಚುತ್ತಿರುವ ಗಳಕ್ಕೇ ಕೊಕ್ಕೆ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಗಳ ಬಿದ್ದರೆ ಅವನನ್ನೂ ಎಳೆದುಕೊಂಡೇ ಹೋಗುತ್ತದೆ. ಕೊಕ್ಕೆ ಕಟ್ಟಡದ ಗಟ್ಟಿ ಭಾಗಕ್ಕೆ ಬೀಳಬೇಕು, ತಲೆಗಿಂತ ಮೇಲೆ ಇರಬೇಕು. ಬಿದ್ದು ನೇತಾಡುತ್ತಿರುವವನನ್ನು ಬೇಗ ಇಳಿಸುವುದು ಹೇಗೆ ಅಂತಲೂ ಮೊದಲೇ ಗೊತ್ತಿರಬೇಕು. ಬೆಲ್ಟಿನಲ್ಲಿ ಜೋತುಬಿದ್ದೇ ಇದ್ದರೆ ಕಾಲಿಗೆ ಇಳಿದ ರಕ್ತ ಮೇಲೆ ಬರದೆ ಜೀವಕ್ಕೇ ಅಪಾಯ.

"ನಮ್ಮವರಿಗೆ ಹತ್ತೋದು ಹೊಸದಾ?" ಅಂತ ಊರಲ್ಲಿ ಕೇಳುತ್ತಾರೆ. ನಿಜ, ಹೊಸದಲ್ಲ. ಅಡಿಕೆ ಕೊನೆ ತೆಗೆಯುವವರು ಕಾಲಿಗೆ ತಳೆ ಹಾಕಿಕೊಂಡು ಮರದಿಂದ ಮರಕ್ಕೆ ದಾಟುವುದನ್ನು ನೋಡಿ ಬೆಳೆದವನು ನಾನು. ಆದರೆ ಅಡಿಕೆ ತೋಟದವರು ಈಗ ಏನು ಮಾಡಿದ್ದಾರೆ ನೋಡಿ. ಹತ್ತುವವರು ಕಡಿಮೆಯಾದರು, ಬೀಳುವವರ ಸುದ್ದಿ ಬರುತ್ತಲೇ ಇತ್ತು. ಮರ ಹತ್ತುವ ತರಬೇತಿ ಶಿಬಿರ ಮಾಡಿದರು. ನೆಲದ ಮೇಲೇ ನಿಂತು ಕೊನೆ ಇಳಿಸುವ, ಔಷಧಿ ಹೊಡೆಯುವ ಫೈಬರ್ ದೋಟಿ ತಂದರು. ದೋಟಿ ಹಿಡಿಯುವುದನ್ನೂ ತೋಟದಲ್ಲೇ ನಿಂತು, ಕನ್ನಡದಲ್ಲೇ ಕಲಿಸಿದರು. ತೋಟಕ್ಕೆ ಆದದ್ದು ಗಾರೆ ಕೆಲಸಕ್ಕೆ ಯಾಕಾಗಬಾರದು?

ಬಿದಿರೇ ತಪ್ಪು ಅಂತಲೂ ನಾನು ಒಪ್ಪುವುದಿಲ್ಲ. ಹಾಂಕಾಂಗಿನಲ್ಲಿ ಬಿದಿರಿನಲ್ಲೇ ಎತ್ತರದ ಕಟ್ಟಡಗಳಿಗೆ ಸಾರುವೆ ಕಟ್ಟಿದ್ದಾರೆ. ಆ ಕೆಲಸಕ್ಕೆ ತರಬೇತಿ ಇದೆ, ಪರೀಕ್ಷೆ ಇದೆ.

ದುಡ್ಡು ಎಲ್ಲಿಂದ ಅನ್ನಬೇಡಿ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕಾನೂನು ಬಂದು, ಕಟ್ಟಡದ ವೆಚ್ಚದ ಮೇಲೆ ಸೆಸ್ ಕೂಡಿಸುವ ಪದ್ಧತಿ ಶುರುವಾಯಿತು. ಕರ್ನಾಟಕದಲ್ಲಿ ಅದು ಶೇ 1. ನನ್ನ ತಮ್ಮನೂ ನಕ್ಷೆ ಮಂಜೂರಾತಿ ಹೊತ್ತಿಗೆ ಕಟ್ಟಿದ್ದಾನೆ. ಆ ಹಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಪಿಂಚಣಿ, ಮಕ್ಕಳ ಓದು, ಮದುವೆ, ಅಪಘಾತ ಪರಿಹಾರ, ಎಲ್ಲಕ್ಕೂ ಯೋಜನೆಗಳಿವೆ, ಎಲ್ಲವೂ ಬೇಕು. ಸತ್ತ ಮೇಲೆ ಕೊಡುವ ಪರಿಹಾರದ ಒಂದು ಪಾಲನ್ನು ಸಾಯದ ಹಾಗೆ ನೋಡಿಕೊಳ್ಳಲು ಖರ್ಚು ಮಾಡಿ ಅಂತ ನನ್ನ ಬೇಡಿಕೆ. ಸಾರುವೆ ಹೇಗಿರಬೇಕು ಅಂತ ಐಎಸ್ 3696 ಅನ್ನುವ ಮಾನದಂಡವೇ ನಮ್ಮಲ್ಲಿದೆ. ಅದು ಗೋಪಾಳದ ಆ ಹುಡುಗನವರೆಗೆ ಬಂದಿಲ್ಲ ಅಷ್ಟೆ.

ಒಂದು ಮಾತು ಖಂಡಿತ. ತರಬೇತಿಯ ದಿನ ಕೂಲಿ ಕೊಡಬೇಕು. ದಿನಗೂಲಿಯವನಿಗೆ "ಬಂದು ಕಲಿ, ಊಟ ಕೊಡುತ್ತೇವೆ" ಅಂದರೆ ಅವನು ಬರಲ್ಲ, ಬರಬೇಕಾಗಿಯೂ ಇಲ್ಲ. ಮನೆಯಲ್ಲಿ ಅಕ್ಕಿ ಬೇಕಲ್ವಾ. ಶಿವಮೊಗ್ಗದ ಸೈಟುಗಳಲ್ಲಿ ಈಗ ಹಾವೇರಿ, ರಾಯಚೂರಿನವರ ಜೊತೆ ಬಿಹಾರ, ಬಂಗಾಳದವರೂ ಇದ್ದಾರೆ. ಅವರಿಗೆ ಹಿಂದಿಯಲ್ಲಿ ಹೇಳಲಿ, ನನಗೆ ಬೇಜಾರಿಲ್ಲ. ಆ ನೇಪಾಳದ ಹುಡುಗನ ಮುಖ ನಾನು ಮರೆತಿಲ್ಲ.

ಮೇಸ್ತ್ರಿಯ ಮಾತಿಗೆ ಬೆಲೆ ಬರಬೇಕು ಅನ್ನುವುದೂ ಇದರ ಜೊತೆಗೇ ಬರುತ್ತದೆ. ಸಿಡ್ನಿಯಲ್ಲಿ "ಇವತ್ತು ಗಾಳಿ ಜಾಸ್ತಿ, ಬಿಚ್ಚಲ್ಲ" ಅಂತ ಸಾರುವೆಯವನು ಹೇಳಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಗೋಪಾಳದಲ್ಲಿ ಅವತ್ತು ಮೇಸ್ತ್ರಿ ಹಾಗೆ ಹೇಳಿದ್ದರೆ? ನನ್ನ ತಮ್ಮನೇ "ಏನ್ರೀ, ಗೃಹಪ್ರವೇಶ ಇಟ್ಕೊಂಡಿದ್ದೀವಿ" ಅಂತಿದ್ದ. ಇದನ್ನು ಅವನಿಗೆ ಮುಖ ನೋಡಿಯೇ ಹೇಳಿದ್ದೇನೆ. ಒಪ್ಪಿಕೊಂಡ.

ಈ ಸಲ ಅದೇ ಮೇಸ್ತ್ರಿ ವಿನೋಬನಗರದಲ್ಲಿ ಒಂದು ಮನೆ ಹಿಡಿದಿದ್ದಾರೆ. ಮೇ ತಿಂಗಳಲ್ಲಿ ಬಿಚ್ಚುವ ಹಿಂದಿನ ದಿನ ಅರ್ಧ ದಿನ ಕೆಲಸ ನಿಲ್ಲಿಸಲು ಒಪ್ಪಿದ್ದಾರೆ. ಎಂಟು ಜನರ ಅವತ್ತಿನ ಕೂಲಿ ನಾನು ಕೊಡುತ್ತೇನೆ ಅಂದಿದ್ದೇನೆ. ಮಾಲೀಕರಿಗೂ ಬನ್ನಿ ಅಂತ ಹೇಳಿ ಆಗಿದೆ. ನಾನು ರಜೆ ಹಾಕಿದ್ದೇನೆ. ಚಿಕ್ಕಪ್ಪನನ್ನು ತೀರ್ಥಹಳ್ಳಿಯಿಂದ ಕಾರಿನಲ್ಲಿ ಕರೆತರುವುದು ತಮ್ಮನ ಜವಾಬ್ದಾರಿ. ನಿನ್ನೆ ಫೋನಿನಲ್ಲಿ ಚಿಕ್ಕಪ್ಪ ಎರಡೇ ಕೇಳಿದರು. ಕೂರೋಕೆ ಕುರ್ಚಿ ಇರುತ್ತಾ, ಮತ್ತೆ ಆ ನೈಲಾನ್ ಹಗ್ಗ ಬಿಚ್ಚಿದ ಹುಡುಗ ಬರ್ತಾನಾ.