ಮುಪ್ಪಿನಲ್ಲಿ ಮೊದಲು ನೋಡಬೇಕಾದ್ದು ಕಾಲಿನ ಬಲ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಈಗ ಇರುವವರು ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ, ಮಕ್ಕಳು ಬೆಂಗಳೂರಿನಲ್ಲಿ. ಹಬ್ಬಕ್ಕೆ ಬಂದ ಮಕ್ಕಳು ಅಪ್ಪ-ಅಮ್ಮನ ಬಿಪಿ, ಶುಗರ್ ಮರೆಯದೆ ಚೆಕ್ ಮಾಡಿಸುತ್ತಾರೆ. ಕಾಲಲ್ಲಿ ಬಲ ಎಷ್ಟಿದೆ ಅಂತ ಮಾತ್ರ ಯಾರೂ ನೋಡುವುದಿಲ್ಲ. ಮುದುಕರನ್ನು ಹಾಸಿಗೆ ಹಿಡಿಸುವುದು ಬಹಳ ಸಲ ಆ ಬಲ ಕುಂದುವುದೇ.

ಮುಪ್ಪಿಗೆ ಕಾರಣ ಒಂದಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳು ಸುಮಾರು 40ರಿಂದ 60 ಸಲ ವಿಭಜನೆಯಾಗಿ ನಿಂತುಬಿಡುತ್ತವೆ ಎಂದು ಅಮೆರಿಕದ ವಿಜ್ಞಾನಿ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದರು. ಪ್ರತಿ ವಿಭಜನೆಯಲ್ಲೂ ವರ್ಣತಂತುವಿನ ತುದಿಯ ಟೆಲೊಮಿಯರ್ ಸವೆಯುತ್ತದೆ. ಹೀಗೆ ನಿಂತ ಕೋಶಗಳು ಸಾಯದೆ ಉಳಿದು ಸುತ್ತಲೂ ಸಣ್ಣ ಉರಿಯೂತ ಎಬ್ಬಿಸುತ್ತವೆ. ಇದನ್ನು ನಿಲ್ಲಿಸುವ ಮಾತ್ರೆ ಇವತ್ತಿಗೂ ಇಲ್ಲ. ಇದೆ ಎಂದು ಟಾನಿಕ್ ಮಾರುವವರಿಗೆ ದುಡ್ಡು ಸುರಿಯಬೇಡಿ.

ಸ್ನಾಯುವಿನ ವಿಷಯದಲ್ಲಿ ಹಾಗಲ್ಲ, ಅಲ್ಲಿ ನಮ್ಮ ಕೈಯಲ್ಲಿ ಆಗುವುದು ಬಹಳ ಇದೆ. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತು ದಾಟಿದರೆ ಇನ್ನೂ ಬೇಗ. ಆದರೆ ಎಂಬತ್ತರಲ್ಲೂ ಅಭ್ಯಾಸ ಮಾಡಿಸಿದರೆ ಅದು ಚೇತರಿಸಿಕೊಳ್ಳುತ್ತದೆ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಕೈ ಎದೆಗೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ. ಪಕ್ಕದಲ್ಲಿ ನೀವು ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬಲ ಕುಂದಿದೆ ಎಂದೇ ಅರ್ಥ. ಔಷಧಿಯೂ ಅದೇ: ದಿನ ಬಿಟ್ಟು ದಿನ ಹತ್ತತ್ತು ಸಲ, ಎರಡು ಸುತ್ತು. ಆಗದಿದ್ದರೆ ಮೊದಲು ಕೈಯೂರಿಯೇ ಏಳಲಿ.

‘ವಯಸ್ಸಾಯ್ತು, ರಾತ್ರಿಗೆ ಗಂಜಿ ಸಾಕು’ ಎನ್ನುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಈ ವಯಸ್ಸಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು. 50 ಕಿಲೋ ತೂಗುವವರಿಗೆ ದಿನಕ್ಕೆ 50ರಿಂದ 60 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 100 ಗ್ರಾಂ ಬಂಗುಡೆಯಲ್ಲಿ 20ರ ಹತ್ತಿರ. ಕಾರವಾರ, ಅಂಕೋಲೆಯಲ್ಲಿ ಮೀನು ತಿನ್ನುವವರಿಗೆ ಇದು ಕಷ್ಟವಲ್ಲ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ತಂಬುಳಿ-ಅನ್ನದಿಂದ ಲೆಕ್ಕ ತುಂಬುವುದಿಲ್ಲ. ಹೆಸರುಕಾಳು, ಗಟ್ಟಿ ಮೊಸರು, ಶೇಂಗಾ ಮೂರು ಹೊತ್ತಿಗೂ ಹಂಚಿ ಬರಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಇನ್ನು ಮನೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ಸೋಗೆ ಹಾಸಿ, ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ದಾರಿ ಮಾಡುವ ಹಿರಿಯರ ಪದ್ಧತಿ ಒಳ್ಳೆಯದೇ. ಆದರೆ ದಬ್ಬೆಯೂ ಒಂದೆರಡು ತಿಂಗಳಲ್ಲಿ ಲೋಳೆಯಾಗುತ್ತದೆ, ಬದಲಿಸಬೇಕು. ಬಚ್ಚಲಲ್ಲಿ, ಕಮೋಡ್ ಪಕ್ಕದಲ್ಲಿ ಹಿಡಿಕೆ ಬೇಕೇ ಬೇಕು. ಟವೆಲ್ ರಾಡ್ ಹಿಡಿಕೆಯಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಚಿರೆಕಲ್ಲಿನ ಗೋಡೆಯಲ್ಲಂತೂ ಪ್ಲಾಸ್ಟಿಕ್ ಪ್ಲಗ್ ಹಾಕಿ ಕೂರಿಸಿದ ಸ್ಕ್ರೂ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗಿ ಸಡಿಲವಾಗುತ್ತದೆ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಉದ್ದ ಬೋಲ್ಟ್ ತೂರಿಸಿ ನಟ್ ಬಿಗಿಸಿ. ರಾತ್ರಿ ಎಚ್ಚರಾದರೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ಏಳಲಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದ ಕೂಡಲೇ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು.

2011ರ ಜನಗಣತಿಯಲ್ಲಿ ದೇಶದ ಶೇ. 8.6ರಷ್ಟು ಜನ ಅರವತ್ತು ದಾಟಿದವರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಹಾಗಿರುತ್ತಾರೆ ಎಂಬ ಅಂದಾಜಿದೆ. ನಮ್ಮ ಹಳ್ಳಿಗಳು ಈಗಲೇ ಆ ಸ್ಥಿತಿಗೆ ಬಂದಂತಿವೆ. ಒಬ್ಬರು ಬಿದ್ದರೆ ಮಗಳೋ ಸೊಸೆಯೋ ಕೆಲಸ ಬಿಟ್ಟು ಬರಬೇಕು, ತೋಟ ಬೇರೆಯವರ ಕೈಗೆ ಹೋಗುತ್ತದೆ. ಅದಕ್ಕೇ ಇದು ಒಂದು ಮನೆಯ ಪಾಡು ಮಾತ್ರವಲ್ಲ. ಆಶಾ ಕಾರ್ಯಕರ್ತೆಯರಿಗೆ ಸರಿಯಾದ ಭತ್ಯೆ ಕೊಟ್ಟು, ಈ ಕುರ್ಚಿ ಪರೀಕ್ಷೆಯನ್ನೂ ಮನೆಭೇಟಿಯಲ್ಲಿ ಸೇರಿಸಬೇಕು.

ಅಷ್ಟಾಗಿಯೂ ಬಿದ್ದರೆ? ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿರುವ ಸಂಭವ ಹೆಚ್ಚು. ಕೈ ಹಿಡಿದು ನಿಲ್ಲಿಸಲು ಹೋಗಬೇಡಿ, ಎಣ್ಣೆ ತಿಕ್ಕಬೇಡಿ. ಎರಡು ಕಾಲಿನ ನಡುವೆ ದಿಂಬಿಟ್ಟು ಕಟ್ಟಿ, ಹಲಗೆಯ ಮೇಲೆ ಮಲಗಿಸಿಯೇ ರಸ್ತೆವರೆಗೆ ತನ್ನಿ. ಆಪರೇಷನ್ ಎರಡು ದಿನದೊಳಗೆ ಆದಷ್ಟೂ ಒಳ್ಳೆಯದು. ತಡವಾದಂತೆ ಹಾಸಿಗೆ ಹುಣ್ಣು, ನ್ಯುಮೋನಿಯಾ ಶುರುವಾಗುತ್ತವೆ. ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾಕ್ಕೋ ಎಂಬುದನ್ನು ಇವತ್ತೇ ಮನೆಯವರೆಲ್ಲ ಕೂತು ಮಾತಾಡಿ, ವಾಹನದವರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಪಕ್ಕದಲ್ಲೇ 108 ಮತ್ತು ಹಿರಿಯರ ಸಹಾಯವಾಣಿ 14567 ಕೂಡ ಇರಲಿ.